ಅವ್ವನ ಹೊಗೆ ಲುಸಾಕಾಕ್ಕೆ ಬಂದದ್ದು

ಲುಸಾಕಾ
ಸೆಪ್ಟೆಂಬರ್ ೨೧, ಭಾನುವಾರ

ಪ್ರೀತಿಯ ಅವ್ವ,

ಹಿರಿಯರೆದುರು ಮಾಡುವಂತೆ ಮಂಡಿಯೂರಿ, ಮೆಲ್ಲಗೆ ಕೈತಟ್ಟಿ ಕೇಳುತ್ತಿದ್ದೇನೆ ಅಂದುಕೋ: ಹೇಗಿದ್ದೀಯಾ? ಬರೆಯುವುದು ಎರಡು ವಾರ ತಡವಾಯಿತು, ಬೈಯಬೇಡ. ಫೋನ್ ಮಾಡಿದರೆ ನನ್ನ ಹೆಸರು ಕೇಳಿದ ಕೂಡಲೇ ನಿನಗೆ ಕೋಳಿಗೆ ಕಾಳು ಹಾಕುವ ಕೆಲಸ ನೆನಪಾಗುತ್ತದಂತೆ. ಯೆಲಿಟಾ ಅತ್ತಿಗೆ ಹೇಳಿದಳು. ದಿನಕ್ಕೆ ಐದು ಸಲ ತಿಂದರೆ ಆ ಕೋಳಿಗಳು ನಡೆಯುವುದಾದರೂ ಹೇಗೆ? ಅದಕ್ಕೇ ಈ ಕಾಗದ.

ಮೇಕೆಯನ್ನು ದಂಡವಾಗಿ ತೆತ್ತ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಆಗಸ್ಟ್ ಕಳೆದ ಮೇಲೆ ಬೆಂಕಿ ಹಚ್ಚಬಾರದೆಂದು ನಮ್ಮ ಸೀಮೆಯ ದೊರೆಗಳು ಡಂಗುರ ಸಾರಿಸಿರಲಿಲ್ಲವೇ? ಇಲಿ ಹಿಡಿಯಲು ನೀನು ಕಡ್ಡಿ ಗೀರಿದ್ದು ಹೊಲದಂಚಿನ ಒಂದು ಹಿಡಿ ಹುಲ್ಲಿಗೆ. ಅದು ಗುಡ್ಡ ಹತ್ತಿ ಮೂರು ದಿನ ಉರಿಯಿತು. ಇಲ್ಲಿ ಊರಿಗೆ ಊರೇ ಕೆಮ್ಮತೊಡಗಿತು. ನನ್ನ ಕೆಲಸವೇ ಅದಲ್ಲವೇ, ಉಪಗ್ರಹದ ಚಿತ್ರಗಳಲ್ಲಿ ಹೊಗೆಯ ಬಾಲ ಹಿಡಿದು ಇವತ್ತಿನಿಂದ ನಿನ್ನೆಗೆ, ನಿನ್ನೆಯಿಂದ ಮೊನ್ನೆಗೆ ಹಿಂದೆ ಹಿಂದೆ ಹೋಗುವುದು. ಒಂದು ಎಳೆ ಮೊಜಾಂಬಿಕ್ ಕಡೆಯದು. ಇನ್ನೊಂದನ್ನು ಹಿಡಿದು ಲುವಾಂಗ್ವಾ ನದಿ ದಾಟಿ ಹೋದರೆ, ಅದು ಚಿಪಾಟಾ ಹತ್ತಿರ ನಮ್ಮ ಗುಡ್ಡದ ಮೇಲೆ ಬೆಂಕಿ ತೋರಿಸುವ ಕೆಂಪು ಚುಕ್ಕೆಗೆ ಬಂದು ನಿಂತಿತು. ಮೂರು ದಿನ ನಾನು ಕೆಮ್ಮಿದ್ದು ನನ್ನವ್ವನ ಹೊಗೆಗೆ!

ಉಪಗ್ರಹಕ್ಕೆ ಅವ್ವ, ಅತ್ತೆ ಎಂಬ ಭೇದ ತಿಳಿಯುತ್ತದೆಯೇ? ಕಂಡದ್ದನ್ನು ಹೇಳಿತು. ಬೆಂಕಿ ಬಿದ್ದ ಊರುಗಳ ಪಟ್ಟಿ ನಮ್ಮ ಕಚೇರಿಯಿಂದ ದೊರೆಗಳಿಗೆ ಹೋಯಿತು. ಊರು ತಿಳಿದ ಮೇಲೆ ಹೊಲ ಯಾರದೆಂದು ಹುಡುಕುವುದು ಅವರಿಗೆ ಕಷ್ಟವೇ?

ದೊರೆಗಳ ಪಂಚಾಯಿತಿಯಲ್ಲಿ ನೀನು ಆಡಿದ ಮಾತನ್ನು ಅತ್ತಿಗೆಯಿಂದ ಕೇಳಿ ನಾನು ಬಿದ್ದು ಬಿದ್ದು ನಕ್ಕೆ. "ಆಕಾಶದಿಂದ ನೋಡಿದ್ರಾ? ಹಾಗಿದ್ರೆ ಹೋದ ತಿಂಗಳು ನನ್ನ ಹುಂಜ ಕದ್ದೋನು ಯಾರು ಅಂತಾನೂ ಹೇಳಿಬಿಡ್ಲಿ!" ದೊರೆಗಳು ಟೋಪಿ ಅಡ್ಡ ಹಿಡಿದು ನಕ್ಕರಂತೆ. ನಕ್ಕರೂ ಮೇಕೆ ಮಾತ್ರ ಬಿಡಲಿಲ್ಲ.

ನಿನ್ನೆ ಬಸ್ಸಿನಲ್ಲಿ ನಿನ್ನ ಗಂಟು ಬಂತು. ಒಂದು ಸಾಲು ಕಾಗದವಿಲ್ಲ. ಬಿಚ್ಚಿದರೆ ಕಡ್ಡಿಗೆ ಸಾಲಾಗಿ ಸಿಕ್ಕಿಸಿದ ಒಣ ಇಲಿಗಳು. ಬಸುರಿಯ ಬಯಕೆ ಎಂದು ಜುಲೈಯಲ್ಲಿ ನಾನೇ ಗೋಗರೆದಿದ್ದೆ. ಇಷ್ಟು ಸಿಟ್ಟಿನಲ್ಲೂ ಉಪ್ಪು ಹದವಾಗಿ ಹಾಕಿದ್ದೀಯಲ್ಲ ಅವ್ವ, ಕಣ್ಣಲ್ಲಿ ನೀರು ಬಂತು. ನ್ಶಿಮಾ ಮುದ್ದೆಯ ಜೊತೆ ಆರು ತಿಂದೆ. ನನ್ನ ಗಂಡ ಎರಡು ಕೇಳಿದ, ಕೊಡಲಿಲ್ಲ.

ದೇವರು ನಿನ್ನ ಮೊಣಕಾಲು ನೋವು ಇಳಿಸಲಿ. ಹುಟ್ಟುವ ಕೂಸಿನ ಮೇಲೆ ನಿನ್ನ ಆಶೀರ್ವಾದವಿರಲಿ.

ನಿನ್ನ ಮಗಳು,
ಝೊಂಡಿವೆ

ತಾ. ಕ.: ಲಕೋಟೆ ಹೀಗೇ ಅಂಟಿಸಲು ಮನಸ್ಸಾಗಲಿಲ್ಲ. ಉಪಗ್ರಹ ಚುಕ್ಕೆ ಮಾತ್ರ ಕೊಡುತ್ತದೆ, ಅವ್ವ. ಪೂರ್ವದ ಕಡೆಯ ಊರುಗಳ ಹೆಸರು ಬರೆಯುವವಳು ನಾನು. ನಮ್ಮ ಸಾಹೇಬರು ಚಿಲೆಶೆ ಅವರು ಬೆಂಬಾ ಕುಲದವರು; ಅಜ್ಜಂದಿರ ಕಾಲದಲ್ಲಿ ಕಾದಾಡಿದ ಕುಲಗಳಲ್ಲವೇ, ಈಗ ನಮ್ಮ ಕಾಲೆಳೆಯುವುದು ಅವರ ಹಕ್ಕು, ಅವರದನ್ನು ಎಳೆಯುವುದು ನಮ್ಮ ಹಕ್ಕು. ಆ ಚುಕ್ಕೆ ಸಿಕ್ಕ ದಿನ ಎಲ್ಲರೆದುರು, "ಏನಮ್ಮಾ ಇಲಿ ತಿನ್ನೋಳೇ, ಇದು ನಿಮ್ಮ ಅಡುಗೆಮನೆ ಹೊಗೆ ತಾನೇ?" ಅಂದರು. ದಿನಾ ಆದರೆ, "ಕೋತಿ ತಿನ್ನೋರು ನೀವು ಸುಮ್ನಿರಿ" ಅನ್ನುತ್ತಿದ್ದೆ. ಅವತ್ತು ಹೊರದೇಶದ ಅತಿಥಿಗಳು ಕೂತಿದ್ದರು. ನನಗೆ ನಾಚಿಕೆಯಾಯಿತು. ನಮ್ಮೂರಿನ ಹೆಸರನ್ನು, ಯಾವುದೋ ಗೊತ್ತಿಲ್ಲದ ಊರೆಂಬಂತೆ, ಒಂದಕ್ಷರ ತಪ್ಪದೆ ಬರೆದೆ. ಅವರಿಗೇ ಏನನ್ನಿಸಿತೋ, ದನಿ ತಗ್ಗಿಸಿ, "ಅಲ್ಲಿ ನಿಮ್ಮೋರು ಯಾರಾದ್ರೂ ಇದ್ದಾರೇನಮ್ಮಾ?" ಎಂದು ಕೇಳಿದರು.

"ಇಲ್ಲ ಸಾರ್, ಯಾರೂ ಇಲ್ಲ" ಅಂದುಬಿಟ್ಟೆ.