ಗಣಪಿಯನ್ನು ಹುಡುಕಿದೆ, ತಿಮ್ಮಿ ಸಿಕ್ಕಳು

ನವೆಂಬರ್ 14, ಗುರುವಾರ

ಅಜ್ಜಿಯ ಹೆಸರು ಯಾಕೆ ಬರಲಿಲ್ಲ ಎಂಬುದೇ ಇಡೀ ದಿನ ಕೊರೆಯಿತು. ಧರ್ಮ ಅಧ್ಯಯನದವರು ಹಳ್ಳಿ ಹಾಡುಗಳನ್ನು ಸೇರಿಸಿಟ್ಟ ಡೇಟಾಬೇಸಿನಲ್ಲಿ ಹೆಸರು ಹಾಕಿ ಹುಡುಕುವುದನ್ನು ಕುಮಟಾದ ಲೈಬ್ರರಿಯಲ್ಲಿ ತೋರಿಸಿಕೊಟ್ಟರು. ನಾನು ಮೊದಲು ಹಾಕಿದ್ದೇ ಅಜ್ಜಿಯ ಹೆಸರು, ‘ಗಣಪಿ ಗೌಡ’. ನಾನು ಹುಟ್ಟುವ ಮೊದಲು ಯಾರೋ ಮನೆಗೆ ಬಂದು ಅಜ್ಜಿಯ ತುಳಸಿ ಹಾಡುಗಳನ್ನು ರೆಕಾರ್ಡ್ ಮಾಡಿಕೊಂಡಿದ್ದರು. ಆದರೆ ಆ ಹೆಸರಿಗೆ ಏನೂ ಬರಲಿಲ್ಲ. ಊರಿನ ಹೆಸರು ಹಾಕಿದೆ. ಹನ್ನೊಂದು ಹಾಡು ಬಂದವು. ಹಾಡಿದವರು ತಿಮ್ಮಿ ಗೌಡ. ಒತ್ತಿ ಕೇಳಿದರೆ ಅಜ್ಜಿಯದೇ ದನಿ, ನಡುವೆ ಅವಳದೇ ಕೆಮ್ಮು.

ತಿಮ್ಮಿ ಅಂದರೆ ಅಜ್ಜಿಯ ಅತ್ತೆ. ರೆಕಾರ್ಡ್ ಆಗುವ ಹೊತ್ತಿಗೆ ಅವಳು ಸತ್ತು ಹತ್ತು ವರ್ಷ.

ಮನೆಗೆ ಬಂದು ಕೇಳಿದೆ. ಅಜ್ಜಿ ಬಂಗಡೆ ಮೀನು ಕೊಯ್ಯುತ್ತಲೇ ಹೇಳಿದಳು: “ಹಾಡು ಯಾರದ್ದು ಅಂತ ಕೇಳ್ದ್ರು. ಅತ್ತೆ ಕಲ್ಸದ್ದು, ಅತ್ತೆ ಹೆಸ್ರು ಹೇಳ್ದೆ. ಮತ್ತೆಂತ ಹೇಳೂದು?”

ಅವರಿಗೆ ಬರೆದು ಹೆಸರು ಸರಿ ಮಾಡಿಸುತ್ತೇನೆ ಎಂದೆ.

“ಬ್ಯಾಡ. ಅತ್ತೆದು ಒಂದು ಫೋಟೋನೂ ಇಲ್ಲ. ಅದೊಂದಾದ್ರೂ ಇರ್ಲಿ.”

ಬಸ್ಸಿನಲ್ಲೇ ಅರ್ಧ ಬರೆದಿದ್ದ ಮೇಲ್ ಅಳಿಸಿದೆ. ತಿಮ್ಮಿಗೆ ಕಲಿಸಿದವಳು ಯಾರು ಎಂದು ಮಾತ್ರ ಕೇಳಲು ಮರೆತೆ. ಬೆಳಿಗ್ಗೆ ಅಜ್ಜಿ ಏಳುತ್ತಿದ್ದಂತೆ ಕೇಳಬೇಕು.