ಹದಿಮೂರನೆಯ ಸಾಹಸ

ಗೆಳೆಯಾ,

ಇವತ್ತು ನಿನ್ನ ಹೆಂಡತಿ ನಮ್ಮ ಗ್ರಂಥಾಲಯಕ್ಕೆ ಬಂದಿದ್ದರು. ನಿನ್ನ ಕಪಾಟು ಖಾಲಿ ಮಾಡುತ್ತಿದ್ದಾರಂತೆ. ಮಂಗಳ ಗ್ರಹಕ್ಕೆ ಹಾರುವ ಕ್ಯಾಪ್ಟನ್ನನ ಹನ್ನೆರಡು ಕಾದಂಬರಿಗಳನ್ನು ನನ್ನ ಮೇಜಿನ ಮೇಲಿಟ್ಟರು. ಶಾಲೆಯ ಹಿಂದಿನ ಬೆಂಚಿನಲ್ಲಿ ಇಬ್ಬರೂ ತಲೆಗೆ ತಲೆ ತಾಗಿಸಿ ಓದಿದವೇ. ರಕ್ಷಾಪುಟದ ಹಸಿರು ರಾಕ್ಷಸನಿಗೆ ನೀನು ಬರೆದ ಗಣಿತದ ಮೇಷ್ಟ್ರ ಮೀಸೆ ಹಾಗೇ ಇದೆ.

"ಹದಿಮೂರನೇದು ನಿಮ್ಮ ಲೈಬ್ರರೀಲಿ ಇದೆಯಾ?" ಎಂದರು.

"ಇಲ್ಲ," ಎಂದೆ. ನೀನು ಓದುವ ಮೊದಲೇ ಅದನ್ನು ಒಯ್ದು, ಬಸ್ಸಿನಲ್ಲಿ ಕಳೆದುಹೋಯಿತೆಂದು ನಿನಗೆ ಹೇಳಿದಷ್ಟೇ ಸಲೀಸಾಗಿ.

"ಅದು ನಿಮ್ಮನೇಲೇ ಇದೆ ಅಂತ ನಮ್ಮವರಿಗೆ ಗೊತ್ತಿತ್ತು. ಆಸ್ಪತ್ರೇಲಿ ಉಸಿರಿರೋವರೆಗೂ ದಿನಾ ಬಾಗಿಲ ಕಡೆ ನೋಡೋರು. 'ಪುಸ್ತಕ ಅವನೇ ಇಟ್ಕೊಳ್ಲಿ, ಬಂದು ಕೊನೇ ಕತೆ ಹೇಳಿದ್ರೆ ಸಾಕು' ಅನ್ನೋರು."

ಆಸ್ಪತ್ರೆಯ ಗೇಟಿನವರೆಗೆ ಎರಡು ಸಲ ಬಂದಿದ್ದೆ ಕಣೋ. ಯಾವ ಮುಖ ಹೊತ್ತು ಒಳಗೆ ಬರಲಿ ಎಂದು ವಾಪಸಾಗಿದ್ದೆ.

"ಕೂತ್ಕೊಳ್ಳಿ, ಆ ಕತೆ ನಿಮಗೆ ಹೇಳ್ತೀನಿ," ಎಂದೆ.

ಅವರು ಖಾಲಿ ಚೀಲವನ್ನು ಮಡಿಸಿಕೊಂಡರು.

"ಕೇಳೋ ಆಸೆ ಅವರಿಗಿತ್ತು. ನಂಗ್ಯಾಕೆ ಹೇಳ್ತೀರಿ?" ಎಂದು ಮೆಟ್ಟಿಲಿಳಿದು ಹೋದರು.