ಕಾರಿನ ಷಡ್ಜ

ಸೆಪ್ಟೆಂಬರ್ 6, ಶನಿವಾರ

ಇವತ್ತೂ ಅದೇ. ತಿಂಡಿ ತಟ್ಟೆ ತೊಳೆಯುವ ಮೊದಲೇ ಅಣ್ಣ ಬೇಸ್‌ಮೆಂಟಿಗೆ ಕರೆದ. ಲ್ಯಾಪ್‌ಟಾಪಿನಲ್ಲಿ ಕಾರುಗಳು ಗುಡುಗುವ ವಿಡಿಯೋ, ಒಂದಾದ ಮೇಲೊಂದು. ಹಳೆಯ ಚಾಲೆಂಜರ್ ಕಾರು ಕೊಂಡು ಎರಡು ತಿಂಗಳಾಯಿತು. ಎಂಟು ಸಿಲಿಂಡರ್. ಆದರೆ ಕಂಪನಿಯ ಸೈಲೆನ್ಸರಿನಿಂದ ಅದಕ್ಕೆ ಗಂಟಲು ಕಟ್ಟಿದಂತಿದೆಯಂತೆ. ಹೊಗೆ ಹೋಗುವ ಎಕ್ಸಾಸ್ಟ್ ಪೈಪು ಬೇರೆ ಹಾಕಿಸಬೇಕಂತೆ.

"ಸುಚಿ, ನಿನ್ನ ಕಿವಿ ಬೇಕು ಕಣೇ. ನಂಗೆ ಎಲ್ಲಾ ಚೆನ್ನಾಗೇ ಕೇಳ್ಸುತ್ತೆ, ಪ್ರೀತಿ ಬಂದ್ಬಿಟ್ಟಿದೆ. ನೀನಾದ್ರೆ ಕರುಣೆ ಇಲ್ದೆ ಹೇಳ್ತೀಯ."

ನನಗೆ ಸರಳೆವರಸೆ ಕಲಿಸಿದವನೇ ಅವನು. ಈಗ ಆ ಕಿವಿಯನ್ನು ಪೆಟ್ರೋಲ್ ಸುಡುವ ಯಂತ್ರಕ್ಕೆ ಬಾಡಿಗೆಗೆ ಕೇಳುತ್ತಿದ್ದಾನೆ. ಯೋಚಿಸಿ ಹೇಳುತ್ತೇನೆ ಅಂದೆ.

ಸೆಪ್ಟೆಂಬರ್ 9

ಕಾಲೇಜಿನ ಹತ್ತಿರದ ಸ್ಟೇಷನ್ನಿನಲ್ಲಿ ಕಾರು ವಿರೋಧಿಗಳ ಹೊಸ ಕರಪತ್ರ ಸಿಕ್ಕಿತು. ಶಿಕಾಗೋ ರೈಲಿನಲ್ಲಿ ನಿಂತೇ ಓದಿದೆ. "ಕಾರಿನ ಮೋಹಿಗಳ ಜೊತೆ ವಾದ ಬೇಡ. ಅವರ ಸುಖವನ್ನೇ ಅಸಹನೀಯ ಮಾಡಿ." ಇಂಥ ಸ್ಪಷ್ಟ ಮಾತು ನನ್ನ ಪ್ರೊಫೆಸರುಗಳ ಬಾಯಲ್ಲಿ ಎಂದೂ ಬಂದಿಲ್ಲ.

ಈ ಮನೆಯಲ್ಲಿ ವಾದ ಮಾಡಿ ಸಾಕಾಗಿದೆ. ಹೊಗೆ, ಹೆದ್ದಾರಿ ಪಕ್ಕದ ಮಕ್ಕಳ ಆಸ್ತಮಾ, ಎಲ್ಲ ಹೇಳಿದ್ದೇನೆ. "ಅಯ್ಯೋ, ಒಂದು ಕಾರು ಕಣೇ" ಅನ್ನುತ್ತಾನೆ.

ಎಲ್ಲರೂ ಒಂದೊಂದು ಕಾರೇ.

ಸೆಪ್ಟೆಂಬರ್ 11

ಸಿಕ್ಕಿತು.

ಹೈವೇಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಕೆಲವು ಎಕ್ಸಾಸ್ಟುಗಳು ಕಾರಿನೊಳಗೆ ಬಿಡದೆ ಮೊರೆಯುತ್ತವೆ. ಡ್ರೋನ್ ಅನ್ನುತ್ತಾರೆ. ಎಲ್ಲ ವಿಡಿಯೋಗಳಲ್ಲೂ ಬೈಸಿಕೊಳ್ಳುವ ದೋಷ ಅದು. ಆ ಮೊರೆತ ತಗ್ಗಿಸುವ ರೆಸೊನೇಟರ್ ಡಬ್ಬಿಯೇ ಇಲ್ಲದ ಒಂದು ಸೆಟ್ ಅಣ್ಣನ ಪಟ್ಟಿಯಲ್ಲಿದೆ. ಎಪ್ಪತ್ತು ಮೈಲಿ ವೇಗದ ಕ್ಲಿಪ್ ಹಾಕಿ, ಪಕ್ಕದಲ್ಲಿ ಫೋನಿನ ತಂಬೂರಿ ಆಪ್ ಇಟ್ಟು ಕೇಳಿದೆ. ಅಣ್ಣ ಹಾಡುವ ಷಡ್ಜ, ಅಂದರೆ ಅವನ ಆಧಾರ ಶ್ರುತಿ, ಸಿ. ಇದರ ಮೊರೆತ ಅದಕ್ಕಿಂತ ಕೂದಲೆಳೆಯಷ್ಟು ಕೆಳಗೆ. ಶ್ರುತಿ ಬಲ್ಲ ಕಿವಿಗೆ ಇದಕ್ಕಿಂತ ಹಿಂಸೆ ಇಲ್ಲ. ಲೈಲ್‌ನಲ್ಲಿರುವ ಆಫೀಸಿಗೆ ದಿನಾ ಹೋಗಿ ಬರಲಿ. ತಿಂಗಳೊಳಗೆ ಮಾರುತ್ತಾನೆ.

"ಇದು" ಅಂದೆ.

"ಗ್ಯಾರಂಟೀನಾ?"

"ಕಣ್ಣು ಮುಚ್ಕೊಂಡು ಹಾಕ್ಸು."

ಸೆಪ್ಟೆಂಬರ್ 20

ಶಾಮ್‌ಬರ್ಗ್ ಕಡೆಯ ಗ್ಯಾರೇಜಿನಲ್ಲಿ ಹಾಕಿಸಿಕೊಂಡು ಬಂದ. ಬೀದಿ ತಿರುವಿನಲ್ಲೇ ಗೊತ್ತಾಯಿತು. ಅಣ್ಣನ ಮಗಳು ಸಿಯಾ ಕಿವಿ ಮುಚ್ಚಿಕೊಂಡು, "ಅಪ್ಪ, ಇಟ್ ಸೌಂಡ್ಸ್ ಲೈಕ್ ಎ ಕೌ ವಿತ್ ಎ ಕೋಲ್ಡ್!" ಅಂದಳು.

ಶುಭಾ ಅತ್ತಿಗೆ ನನ್ನ ಕಡೆ ತಿರುಗಿ, "ಪಕ್ಕದ್ಮನೆಯವ್ರು ಬಂದ್ರೆ ನೀನೇ ಮಾತಾಡಮ್ಮ, ಆರಿಸ್ದೋಳು ನೀನು" ಅಂದರು.

ಅಣ್ಣ ಮಾತ್ರ ಬಂದವರಿಗೆಲ್ಲ ಹೇಳುತ್ತಿದ್ದಾನೆ: "ನಮ್ ಸುಚೇತಾ ಸೆಲೆಕ್ಷನ್."

ಅಕ್ಟೋಬರ್ 1

ಆಯುಧಪೂಜೆ. ಟೈರಿನಡಿ ನಿಂಬೆಹಣ್ಣು. ಹೊಸ ಪೈಪಿಗೂ ಕುಂಕುಮ ಹಚ್ಚಿದ. ಆರತಿ ತಟ್ಟೆ ನನ್ನ ಕೈಗೆ ಕೊಟ್ಟ. ಎತ್ತಿದೆ. ಹೊರನೋಟಕ್ಕೆ ನಗುನಗುತ್ತ ಇರುವುದೂ ಒಂದು ಶಿಸ್ತು.

ಅಕ್ಟೋಬರ್ 17

ಲೆಕ್ಕ ತಪ್ಪಿತು — ಇಲ್ಲ, ಬೇರೆ ದಾರಿ ಹಿಡಿಯಿತು.

ಅವನಿಗೆ ಹಿಂಸೆಯೇ ಆಗುತ್ತಿಲ್ಲ. "ಆ ಮೊರೆತ ಇದ್ಯಲ್ಲ, ತಂಬೂರಿ ಇಟ್ಟ ಹಾಗಿದೆ ಕಣೇ. ಕಾರಲ್ಲಿ ಆಪೇ ಬೇಕಿಲ್ಲ" ಅಂದ. ಮೊದಲಿಂದಲೂ ಅವನ ಸಾಧನೆ ಕಾರಿನಲ್ಲೇ. ಹೋಗುವಾಗ ವರಸೆ, ಬರುವಾಗ ದೇವರನಾಮ. ಈಗ ಅದರ ಜೊತೆ ಹಾಡುತ್ತಾನೆ. ಇವತ್ತು ಹಾಡುತ್ತಲೇ ಮನೆಯೊಳಗೆ ಬಂದ. ಕೇಳಿದೆ. ಷಡ್ಜ ಕೆಳಗಿದೆ. ಕೂದಲೆಳೆಯಷ್ಟು.

ಹೇಳಬಹುದಿತ್ತು. ಹೇಳಲಿಲ್ಲ. ವಸ್ತು ತನ್ನಿಂದ ಏನು ಕಿತ್ತುಕೊಂಡಿತು ಎಂದು ಒಡೆಯನೇ ನೋಡಬೇಕು, ನಾಲ್ಕು ಜನರ ಎದುರು ನೋಡಬೇಕು. ಮುಂದಿನ ತಿಂಗಳು ಡೆಟ್ರಾಯಿಟ್ ಕಡೆಯವರ ರಾಜ್ಯೋತ್ಸವ. ಅಲ್ಲಿ ಅವನ ಹಾಡು. ತಂಬೂರಿಗೆ ನಾನು.

ನವೆಂಬರ್ 7

"ಮಿನಿವ್ಯಾನಲ್ಲಿ ಹೋಗಿ, ಬೆನ್ನಿಗಾದ್ರೂ ಒಳ್ಳೇದು" ಅಂದರು ಅತ್ತಿಗೆ. ಸಿಯಾಗೆ ಜ್ವರ, ಅವರು ಬರುವುದಿಲ್ಲ.

"ಇಲ್ಲ ಅಣ್ಣ, ಚಾಲೆಂಜರ್" ಅಂದೆ.

ಅವನ ಮುಖ ಅರಳಿದ್ದು ನೋಡಬೇಕಿತ್ತು. "ನೋಡಿದ್ಯಾ ಶುಭಾ, ಇವಳಿಗೂ ಹುಚ್ಚು ಹತ್ತಿದೆ!"

ನವೆಂಬರ್ 9, ಭಾನುವಾರ. ಟ್ರಾಯ್

ಡೆಟ್ರಾಯಿಟ್ ಹತ್ತಿರ, ರಾಜ್ಯೋತ್ಸವ ನಡೆಸಿದ ವಿಜಯ್ ಕುಮಾರ್ ಅಂಕಲ್ ಮನೆ. ಎಲ್ಲರೂ ಇನ್ನೂ ಮಲಗಿದ್ದಾರೆ. ಅಣ್ಣ ಡ್ರೈವ್‌ವೇಯಲ್ಲಿ ಕಾರು ಒರೆಸುತ್ತಿದ್ದಾನೆ.

ನಿನ್ನೆ ಐ-94 ಹೈವೇಯಲ್ಲಿ ಅಷ್ಟೂ ದೂರ ಕ್ರೂಸ್ ಕಂಟ್ರೋಲ್ ಎಪ್ಪತ್ತು ಮೈಲಿಗೆ. ಅಷ್ಟೂ ದೂರ ಆ ಮೊರೆತ. ಅವನು ಅದಕ್ಕೇ ಶ್ರುತಿ ಸೇರಿಸಿ ಕಲ್ಯಾಣಿ ಹಾಡಿಕೊಂಡು ಬಂದ. ನಾನು ಕಿಟಕಿ ಆಚೆ ನೋಡುತ್ತ ಕೂತಿದ್ದೆ. ಇಳಿದು ನೇರ ವೇದಿಕೆಗೆ.

ಪಕ್ಕವಾದ್ಯ ಇರಲಿಲ್ಲ. ನನ್ನ ಫೋನಿನ ತಂಬೂರಿ, ಅವನ ದನಿ, ಅಷ್ಟೇ. ಮೊದಲ ಸ್ವರವೇ ಕೆಳಗೆ ಕೂತಿತು. ತಂಬೂರಿಯತ್ತ ತಿರುಗಿದ, ಮೇಲೆ ಏರಿದ, ಮತ್ತೆ ಜಾರಿದ. ಮುಂದಿನ ಸಾಲಿನ ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು. ಯಾರೋ ಹುಡುಗಿ ಕಿಸಕ್ಕೆಂದಳು. ಅಣ್ಣನ ಕುತ್ತಿಗೆಯ ನರ ಉಬ್ಬಿತ್ತು.

ಆಪಿನಲ್ಲಿ ಶ್ರುತಿ ಇಳಿಸುವ ಗೀಟು ಒಂದಿದೆ. ಬೆರಳಿಂದ ತುಸು ಎಳೆದರೆ ತಂಬೂರಿಯೇ ಅವನಿದ್ದಲ್ಲಿಗೆ ಬರುತ್ತಿತ್ತು. ಸಭೆಗೆ ಗೊತ್ತೂ ಆಗುತ್ತಿರಲಿಲ್ಲ. ಬೆರಳು ಅದರ ಮೇಲೇ ಇತ್ತು.

ಎಳೆಯಲಿಲ್ಲ.

ಎರಡನೆಯ ಹಾಡಿಗೆ ಮೊದಲೇ ಎದ್ದು ಕೈ ಮುಗಿದ. ವಿಜಯ್ ಕುಮಾರ್ ಅಂಕಲ್ ಬೆನ್ನು ತಟ್ಟಿ, "ಪ್ರಯಾಣದ ಆಯಾಸ ಬಿಡಪ್ಪ, ಊಟಕ್ಕೆ ಬಾ. ಬಿಸಿಬೇಳೆಬಾತಿಗೆ ಶ್ರುತಿ ಬೇಕಿಲ್ಲ" ಅಂದರು. ಎಲ್ಲರೂ ನಕ್ಕರು. ಅಣ್ಣನೂ.

ಈಗ ಮಾರುತ್ತಾನೆ.

ನವೆಂಬರ್ 24

ಮಾರಿಲ್ಲ. ಹಾಡುವುದನ್ನು ಬಿಟ್ಟಿದ್ದಾನೆ.

ಕಾರು ದಿನಾ ಹೊರಡುತ್ತದೆ, ದಿನಾ ಬರುತ್ತದೆ. ಒಳಗೆ ದನಿ ಇಲ್ಲ. ಕರಪತ್ರದಲ್ಲಿ ಹೀಗಾದರೆ ಏನು ಎಂದು ಬರೆದಿಲ್ಲ. ಎರಡು ಸಲ ಹುಡುಕಿದೆ.

ನವೆಂಬರ್ 27, ಗುರುವಾರ. ಮಧ್ಯಾಹ್ನ

ಥ್ಯಾಂಕ್ಸ್‌ಗಿವಿಂಗ್ ರಜೆ. ಊಟ ಮುಗಿಸಿ ಪಾತ್ರೆ ಒರೆಸುತ್ತಿದ್ದೆ. ಅಣ್ಣ ಪಕ್ಕದಲ್ಲಿ ನಿಂತು ಟವೆಲ್ ತೆಗೆದುಕೊಂಡ.

"ಅವತ್ತು ಸ್ಟೇಜ್ ಮೇಲೆ ನಿನ್ ಬೆರಳು ಗೀಟಿನ ಮೇಲೇ ಇತ್ತು. ಅಲ್ವಾ?"

"ಹೌದು."

"ಪೈಪ್ ಆರಿಸ್ವಾಗ್ಲೂ ಶ್ರುತಿ ಕೆಳಗಿರೋದು ನಿಂಗೆ ಗೊತ್ತಿತ್ತು."

"ಗೊತ್ತಿತ್ತು."

ಹೊಗೆಯ ಮಾತು, ಮಕ್ಕಳ ಉಸಿರಿನ ಮಾತು, ಎಲ್ಲ ನಾಲಿಗೆಯ ತುದಿಯಲ್ಲಿತ್ತು. ಒಂದನ್ನೂ ತಪ್ಪೆಂದು ಈಗಲೂ ಒಪ್ಪುವುದಿಲ್ಲ. ಬೈಯುತ್ತಾನೆ ಎಂದು ಕಾದೆ. ಒಂದು ಲೋಟ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಒರೆಸಿದ.

"ಇದನ್ನ ತೆಗೆಸ್ತೀನಿ. ಬೇರೆ ಹಾಕ್ಸಬೇಕು. ಮೂರು ಕ್ಲಿಪ್ ಇಟ್ಟಿದೀನಿ, ಬಾ."

"ನಾನ್ಯಾಕೆ?"

"ನನ್ ಕಿವಿ ಹೋಯ್ತಲ್ಲೇ. ಮನೇಲಿ ಉಳಿದಿರೋದು ನಿಂದೊಂದೇ."

ಒಂದು ನಿಮಿಷ ಅಂತ ಹೇಳಿ ಕೋಣೆಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಕೆಳಗೆ ಮೊದಲ ಕ್ಲಿಪ್ ಆಗಲೇ ಶುರುವಾಗಿದೆ. ಹೆಡ್‌ಫೋನ್ ಹಾಕದೆ ಜೋರಾಗಿ ಬಿಟ್ಟಿದ್ದಾನೆ, ಮೇಲಕ್ಕೆ ಕೇಳಲಿ ಎಂದೇ. ಇಲ್ಲಿಂದಲೇ ಗೊತ್ತಾಗುತ್ತಿದೆ, ಇದೂ ಕೆಳಗಿದೆ. ಎಷ್ಟೋ ದಿನದ ಮೇಲೆ ಅವನು ಮತ್ತೆ ದನಿ ಎತ್ತಿ ಅದಕ್ಕೆ ಷಡ್ಜ ಹಿಡಿಯುತ್ತಿದ್ದಾನೆ. ಹೋಗಿ ಬೇಡ ಅಂದರೆ ಅವನ ಹಾಡು ಉಳಿಯುತ್ತದೆ, ಕಾರೂ ಉಳಿಯುತ್ತದೆ. ಹೋಗಿ ಇದೇ ಇರಲಿ ಅಂದರೆ

"ಸುಚಿ, ಇದು ಸರಿ ಇದ್ಯಾ?"